ಹೊರಗೆ ತಂದುಕೊಟ್ಟ ಐಸ್‌ಕ್ರೀಮು

ದಸರಾ ರಜೆಗೆ ಮೊಮ್ಮಕ್ಕಳಿಬ್ಬರೂ ಊರಿಗೆ ಬಂದಿದ್ದರು. ದೊಡ್ಡವನು ಏಳನೇ ತರಗತಿ, ಚಿಕ್ಕವಳು ಮೂರನೇ ತರಗತಿ. ಮೊದಲ ಎರಡು ದಿನ ಅಂಗಳ, ಬಾವಿಕಟ್ಟೆ, ಪೇರಳೆ ಮರ ಎಂದು ಕಳೆಯಿತು. ಮೂರನೆಯ ದಿನ ಮಳೆ ಹಿಡಿಯಿತು. ಮಳೆ ಹಿಡಿದರೆ ಈಗಿನ ಮಕ್ಕಳು ಮೊಬೈಲು ಹಿಡಿಯುತ್ತಾರೆ. ದಿನಕ್ಕೆ ಒಂದೇ ಗಂಟೆ ಮೊಬೈಲು ಎಂದು ಮಗಳು ಫೋನಿನಲ್ಲೇ ಅಪ್ಪಣೆ ಮಾಡಿದ್ದಳು. ಆ ಒಂದು ಗಂಟೆ ಬೆಳಿಗ್ಗೆ ತಿಂಡಿಗೆ ಮೊದಲೇ ಖರ್ಚಾಗಿತ್ತು. ಮಧ್ಯಾಹ್ನ ಊಟ ಆದಮೇಲೆ ಇಬ್ಬರೂ ನನ್ನ ಕುರ್ಚಿಯ ಎರಡು ಕಡೆ ನಿಂತು ಮುಖ ನೋಡತೊಡಗಿದರು.

"ಟಿ.ವಿ.ಯಲ್ಲಿ ಒಂದು ಹಳೇ ಸಿನಿಮಾ ಹಾಕ್ತೀನಿ. ಇಪ್ಪತ್ತೇ ನಿಮಿಷದ್ದು" ಎಂದೆ.

"ಎಷ್ಟು ಹಳೇದು ಅಜ್ಜ?"

"ನಾನು ಹುಟ್ಟೋಕಿಂತ ಇಪ್ಪತ್ತು ವರ್ಷ ಹಳೇದು."

ನನಗಿಂತ ಹಳೆಯದು ಏನಾದರೂ ಪ್ರಪಂಚದಲ್ಲಿ ಇರಬಹುದು ಎಂಬುದೇ ಚಿಕ್ಕವಳಿಗೆ ಆಶ್ಚರ್ಯ. ಚಿತ್ರ ಶುರುವಾದ ಕೂಡಲೇ "ಬಣ್ಣ ಎಲ್ಲಿ?" ಎಂದಳು. ಐದು ನಿಮಿಷ ಆದಮೇಲೆ ಬಣ್ಣದ ವಿಷಯ ಯಾರೂ ಎತ್ತಲಿಲ್ಲ.

ಚಿತ್ರದ ಹೆಸರು 'ಟೀಚರ್ಸ್ ಪೆಟ್'. ಟೀಚರ ಮುದ್ದಿನ ಹುಡುಗ ಎಂದು ಅರ್ಥ. 1930ರಲ್ಲಿ ಅಮೆರಿಕದ ಹಾಲ್ ರೋಚ್ ಎಂಬವರ ಸ್ಟುಡಿಯೋದಲ್ಲಿ ತಯಾರಾದದ್ದು. 'ಅವರ್ ಗ್ಯಾಂಗ್' ಎಂಬ ಮಕ್ಕಳ ಹಾಸ್ಯಚಿತ್ರಗಳ ಮಾಲೆಯಲ್ಲಿ ಇದೂ ಒಂದು. ಮುಂದೆ ಅದೇ ಮಾಲೆಯನ್ನು ಟಿ.ವಿ.ಯಲ್ಲಿ 'ಲಿಟಲ್ ರಾಸ್ಕಲ್ಸ್' ಎಂಬ ಹೆಸರಿನಲ್ಲಿ ತೋರಿಸಿದರು. ಬೀಳುವುದು, ಏಳುವುದು, ಒಬ್ಬರ ಮೈಮೇಲೆ ಒಬ್ಬರು ಏನಾದರೂ ಚೆಲ್ಲುವುದು, ಬೆನ್ನಟ್ಟುವುದು, ಇವೇ ಇಂಥ ಚಿತ್ರಗಳ ಬಂಡವಾಳ. ಆದರೆ ಈ ಚಿತ್ರದ ಕೊನೆಯ ಎರಡು ಮೂರು ನಿಮಿಷ ಮಾತ್ರ ಬೇರೆ ತರಹ. ಆ ಎರಡು ಮೂರು ನಿಮಿಷದಿಂದಾಗಿ ಅವತ್ತು ನಮ್ಮ ಮನೆಯಲ್ಲಿ ಒಂದು ಗಂಟೆ ಜಗಳವಾಯಿತು. ಆ ಜಗಳವೇ ಈ ವಾರದ ವಿಷಯ.

ಮೊದಲು ಕಥೆ ಹೇಳಿಬಿಡುತ್ತೇನೆ.

ಜಾಕಿ ಎಂಬ ಹುಡುಗ. ಏಳೆಂಟು ವರ್ಷ ಇರಬಹುದು. ಅವನ ಪ್ರೀತಿಯ ಟೀಚರ್ ಮಿಸ್ ಮೆಗಿಲ್ಲಿಕಡ್ಡಿ ಮದುವೆಯಾಗಿ ಕೆಲಸ ಬಿಟ್ಟಿದ್ದಾರೆ. ಅವರ ಜಾಗಕ್ಕೆ ಹೊಸಬರು ಬರುತ್ತಾರೆ, ಹೆಸರು ಮಿಸ್ ಕ್ರ್ಯಾಬ್‌ಟ್ರೀ. ಕ್ರ್ಯಾಬ್ ಎಂದರೆ ಏಡಿ. ಇಂಗ್ಲಿಷಿನಲ್ಲಿ ಸದಾ ಸಿಡಿಸಿಡಿ ಎನ್ನುವವರಿಗೂ ಹಾಗೆ ಕರೆಯುವುದುಂಟು. ಹೆಸರು ಕೇಳಿಯೇ ಹುಡುಗರು ತೀರ್ಮಾನ ಮಾಡಿಬಿಟ್ಟರು, ಇವಳು ಮುಖ ಗಂಟು ಹಾಕಿಕೊಂಡ ಮುದುಕಿಯೇ ಸೈ ಎಂದು. ಮೊದಲ ದಿನವೇ ಅವಳಿಗೆ ಬುದ್ಧಿ ಕಲಿಸಬೇಕು. ಅದಕ್ಕೆ ಏರ್ಪಾಡು ಏನೇನು? ಒಂದು ಬಿಳಿ ಇಲಿ, ಒಂದಿಷ್ಟು ಕೆಂಪಿರುವೆ, ಸೀನು ಬರಿಸುವ ಪುಡಿ. ಇಷ್ಟು ಸಾಲದು ಎಂದು ಇನ್ನೊಂದು ಉಪಾಯ. ಶಾಲೆಗೆ ಹೋಗದ ಒಬ್ಬ ಚಿಕ್ಕ ಹುಡುಗ ಬಂದು 'ಇವರನ್ನೆಲ್ಲ ಮನೆಯಲ್ಲಿ ಕರೀತಾರೆ' ಎಂದು ಹೇಳಬೇಕು. ಅಷ್ಟಾದರೆ ಇವರೆಲ್ಲ ಶಾಲೆಯಿಂದ ಪಾರು.

ಶಾಲೆಗೆ ನಡೆದುಹೋಗುತ್ತಿದ್ದ ಜಾಕಿಗೆ ದಾರಿಯಲ್ಲಿ ಒಂದು ಕಾರು ಸಿಗುತ್ತದೆ. ಕಾರಿನಲ್ಲಿ ಒಬ್ಬ ಚೆಂದದ ಹೆಂಗಸು. 'ಬಾ ಮರಿ, ಬಿಡುತ್ತೇನೆ' ಎಂದು ಹತ್ತಿಸಿಕೊಳ್ಳುತ್ತಾಳೆ. ಹುಡುಗನಿಗೆ ಕಾರಿನ ಖುಷಿ, ಕೇಳುವವರು ಸಿಕ್ಕಿದ ಖುಷಿ. ಇಲಿ, ಇರುವೆ, ಪುಡಿ, ಸುಳ್ಳು ಕರೆ, ಒಂದೂ ಬಿಡದೆ ಪೂರ್ತಿ ಒಪ್ಪಿಸುತ್ತಾನೆ. ಅವಳು ನಗುತ್ತಾ ಕೇಳಿಸಿಕೊಳ್ಳುತ್ತಾಳೆ. 'ನೀವು ಎಷ್ಟು ಚೆನ್ನಾಗಿದ್ದೀರಿ, ಹೆಚ್ಚು ಕಡಿಮೆ ನಮ್ಮ ಮೆಗಿಲ್ಲಿಕಡ್ಡಿ ಟೀಚರ್ ಹಾಗೇ ಇದ್ದೀರಿ' ಎಂದು ಅವನು ಮನಸ್ಸು ಬಿಚ್ಚಿ ಹೇಳುತ್ತಾನೆ.

ಇಷ್ಟು ಹೊತ್ತಿಗೆ ನಮ್ಮ ಚಿಕ್ಕವಳು ಎರಡೂ ಕೈ ಬಾಯಿಯ ಮೇಲೆ ಇಟ್ಟುಕೊಂಡಿದ್ದಳು. "ಅಯ್ಯೋ, ಅವರೇ ಟೀಚರ್! ಹೇಳಬೇಡವೋ!" ಎಂದು ಟಿ.ವಿ.ಗೆ ಕೂಗಿ ಹೇಳಿದಳು. ಜಾಕಿಗೆ ಕೇಳಿಸಲಿಲ್ಲ.

ತರಗತಿಯಲ್ಲಿ ನೋಡಿದರೆ ಮೇಜಿನ ಹಿಂದೆ ಅದೇ ಕಾರಿನ ಹೆಂಗಸು. ಜಾಕಿಯ ಮುಖ ಬೆಳ್ಳಗಾಗುತ್ತದೆ. ಅವಳು ಗದರುವುದಿಲ್ಲ. ಬೆತ್ತ ಹುಡುಕುವುದಿಲ್ಲ. ಎಲ್ಲಿ ಏನಿದೆ, ಯಾರ ಹತ್ತಿರ ಏನಿದೆ ಎಲ್ಲ ಅವಳಿಗೆ ಗೊತ್ತು. ಹುಡುಗರ ಮದ್ದುಗುಂಡು ಒಂದೂ ಹಾರುವುದಿಲ್ಲ. ಅಷ್ಟರಲ್ಲಿ, ಮೊದಲೇ ಹೇಳಿಕೊಟ್ಟ ಪ್ರಕಾರ, ಆ ಚಿಕ್ಕ ಹುಡುಗ ಬರುತ್ತಾನೆ. 'ಇವರನ್ನ ಮನೆಯಲ್ಲಿ ಕರೀತಾರೆ.' ಅದು ಸುಳ್ಳೆಂದು ಅವಳಿಗೆ ಗೊತ್ತು. ಗೊತ್ತಿದ್ದೂ 'ಸರಿ, ಹೋಗಿ' ಎನ್ನುತ್ತಾಳೆ. ಅವತ್ತು ಮಕ್ಕಳಿಗೆಲ್ಲ ಕೊಡಲು ಅವಳು ಕೇಕು, ಐಸ್‌ಕ್ರೀಮು ತರಿಸಿದ್ದಾಳೆ. ಒಳಗೆ ಕೇಕು, ಐಸ್‌ಕ್ರೀಮು. ಹೊರಗೆ ಇವರು.

ಕೊನೆಗೆ ಕ್ಯಾಮೆರಾ ಜಾಕಿಯೊಬ್ಬನ ಮೇಲೆ ನಿಲ್ಲುತ್ತದೆ. ನಾಚಿಕೆಗೆ ಅವನಿಗೆ ಒಳಗೆ ಹೋಗಲಾಗುವುದಿಲ್ಲ. ಅಳುತ್ತಾನೆ. ಮಕ್ಕಳು ನಾಟಕಕ್ಕೆ ಅಳುವ ಅಳುವಲ್ಲ, ಬಿಕ್ಕಿ ಬಿಕ್ಕಿ ಅಳು. ಆಗ ಮಿಸ್ ಕ್ರ್ಯಾಬ್‌ಟ್ರೀ ತಾನೇ ಎದ್ದು, ಕೇಕು ಐಸ್‌ಕ್ರೀಮಿನ ತಟ್ಟೆ ಹಿಡಿದು, ಹೊರಗೆ ಬರುತ್ತಾಳೆ. ಅವನ ಹತ್ತಿರ ಕೂತು ಸಮಾಧಾನ ಮಾಡುತ್ತಾಳೆ. ಅವನು ಅಳುತ್ತಲೇ ತಿನ್ನುತ್ತಾನೆ, ತಿನ್ನುತ್ತಲೇ ಅಳುತ್ತಾನೆ. ಅಳು, ಐಸ್‌ಕ್ರೀಮಿನ ನಡುವೆ ಹೇಗೋ ಮಾತು ಹೊರಡಿಸಿ, ನೀವು ಮೆಗಿಲ್ಲಿಕಡ್ಡಿ ಟೀಚರಿಗಿಂತಲೂ ಚೆನ್ನಾಗಿದ್ದೀರಿ ಎನ್ನುತ್ತಾನೆ. ಚಿತ್ರ ಮುಗಿಯುತ್ತದೆ.

ಇಲ್ಲಿಂದ ನಮ್ಮ ಮನೆಯ ಜಗಳ.

"ಇದು ಸರಿ ಅಲ್ಲ" ಎಂದ ದೊಡ್ಡವನು. "ತಪ್ಪು ಮಾಡಿದವನಿಗೇ ಐಸ್‌ಕ್ರೀಮಾ? ಒಳಗೆ ಸುಮ್ಮನೆ ಕೂತವರಿಗೂ ಅದೇ, ಹೊರಗೆ ಇದ್ದವನಿಗೂ ಅದೇ. ಹಾಗಾದರೆ ಸುಮ್ಮನೆ ಕೂತವರಿಗೆ ಏನು ಲಾಭ?"

"ಅವನು ಅಳ್ತಿದ್ದನಲ್ಲ" ಎಂದಳು ಚಿಕ್ಕವಳು. ಒಂದು ಕ್ಷಣ ಬಿಟ್ಟು ಅವಳಿಗೂ ಸಂಶಯ ಬಂತು. "ಆದರೆ ಅಜ್ಜ, ಅವನಿಗೆ ಪನಿಶ್‌ಮೆಂಟೇ ಆಗಲಿಲ್ಲ ಅಲ್ವಾ?"

ಅಡಿಗೆಮನೆಯಿಂದ ಅಜ್ಜಿಯ ಮಾತು ಬಂತು. "ಐಸ್‌ಕ್ರೀಮ್ ಕರಗಿರತ್ತೆ ಬಿಡು ಅಷ್ಟೊತ್ತಿಗೆ. ಅದೇ ಶಿಕ್ಷೆ."

ನಾನು ಬಿ.ಕಾಂ. ಓದಿ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾವುದನ್ನು ಕಂಡರೂ ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡುವುದು ಅಭ್ಯಾಸ. ಹಾಗಾಗಿ ಮೊಮ್ಮಗನ ಪ್ರಶ್ನೆ ನನಗೆ ಅರ್ಥವಾಯಿತು. ಅವನ ಲೆಕ್ಕದಲ್ಲಿ ಪುಸ್ತಕ ತಾಳೆಯಾಗುತ್ತಿಲ್ಲ. ನಾನು ಚಿತ್ರದ ಕೊನೆಯ ಭಾಗವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದೆ. ಈ ಸಲ ಟೀಚರನ್ನು ಮಾತ್ರ ನೋಡಿ ಎಂದೆ.

ಶಿಕ್ಷೆ ಆಗಲಿಲ್ಲ ಎನ್ನುವುದು ಸರಿಯಲ್ಲ. ಹುಡುಗ ಏನು ಬಯಸಿದ್ದನೋ ಅದನ್ನೇ ಅವಳು ಕೊಟ್ಟಳು. ಶಾಲೆಯಿಂದ ಹೊರಗೆ ಹೋಗಬೇಕಿತ್ತು, ಹೋಗು ಎಂದಳು. 'ಸುಳ್ಳು ಹೇಳ್ತೀಯಾ?' ಎಂದು ಎಲ್ಲರ ಮುಂದೆ ಕಿವಿ ಹಿಂಡಿದ್ದರೆ ಅವನಿಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ಅಳು ಬರುವುದಿಲ್ಲ. ಈಗ ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ತನ್ನ ಮೇಲೆಯೇ. ಅದಕ್ಕಿಂತ ದೊಡ್ಡ ಶಿಕ್ಷೆ ಏಳು ವರ್ಷದವನಿಗೆ ಇದೆಯೇ?

ಎರಡನೆಯದು, ಅವಳು ಅವನ ಮಾನ ಕಳೆಯಲಿಲ್ಲ. ಕಾರಿನಲ್ಲಿ ಅವನು ಹೇಳಿದ್ದನ್ನು ತರಗತಿಯಲ್ಲಿ ಕಥೆ ಮಾಡಿ ಹೇಳಿ ಎಲ್ಲರನ್ನೂ ನಗಿಸಬಹುದಿತ್ತು. ಅವನೇ ಕೈಯಾರೆ ತಂದುಕೊಟ್ಟ ಅಸ್ತ್ರ ಅದು.

ಮೂರನೆಯದು ಮುಖ್ಯವಾದದ್ದು. ಅವಳು ಅವನನ್ನು ಹೊರಗೇ ಬಿಡಲಿಲ್ಲ. 'ಬುದ್ಧಿ ಬಂದಮೇಲೆ ತಾನೇ ಬರಲಿ' ಎಂದು ಕಾಯಲಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಬಾ ಎಂದು ಕೂಗಲೂ ಇಲ್ಲ. ಅವಳೇ ಎದ್ದು ಹೋದಳು. ಒಳಗಿದ್ದವರಿಗೂ ಐಸ್‌ಕ್ರೀಮು, ಹೊರಗಿದ್ದವನಿಗೂ ಐಸ್‌ಕ್ರೀಮು, ನಿಜ. ಆದರೆ ಒಳಗಿದ್ದವರಿಗೆ ಅದು ಬರೀ ತಿಂಡಿ. ಹೊರಗಿದ್ದವನಿಗೆ ಅದು 'ನೀನು ಈಗಲೂ ನಮ್ಮವನೇ' ಎಂಬ ಮಾತು.

ಇಂಥ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಮಾಮೂಲಿ ಕೊನೆ ಹೀಗಿರುವುದಿಲ್ಲ. ಕೆಂಪಿರುವೆ ಹುಡುಗನ ಚಡ್ಡಿಯೊಳಗೇ ಹೋಗಬೇಕು, ಸೀನುಪುಡಿ ಅವನ ಮೂಗಿಗೇ ಏರಬೇಕು, ಅವನು ಕುಣಿಯಬೇಕು, ನಾವು ನಗಬೇಕು. ಮಾಡಿದ್ದುಣ್ಣೋ ಮಹರಾಯ ಎಂದು ಚಿತ್ರ ಮುಗಿಸುವುದು ನಿರ್ದೇಶಕ ರಾಬರ್ಟ್ ಮೆಗೋವನ್‌ಗೆ ಸುಲಭವಾಗಿತ್ತು. ಇರುವೆಯನ್ನೂ ಇಲಿಯನ್ನೂ ಅಷ್ಟು ಹೊತ್ತು ತೋರಿಸಿ, ಕೊನೆಯಲ್ಲಿ ಅವರು ಅಳುವ ಹುಡುಗನ ಹತ್ತಿರ ಹೋಗಿ ಕೂತರು. ತೊಂಬತ್ತು ವರ್ಷದ ಮೇಲೂ ಜನ ಈ ಚಿತ್ರ ನೆನೆಯುವುದು ಅದಕ್ಕೇ ಎಂದು ನನ್ನ ನಂಬಿಕೆ.

ಈ ಮಾಲೆ ಹುಟ್ಟಿದ ಬಗೆಯನ್ನು ಹಾಲ್ ರೋಚ್ ಹೇಳುತ್ತಿದ್ದರು. ಒಂದು ದಿನ ಅವರು ಆಫೀಸಿನ ಕಿಟಕಿಯಲ್ಲಿ ನೋಡಿದರೆ ಒಂದಿಷ್ಟು ಮಕ್ಕಳು ಮರದ ತುಂಡುಗಳಿಗಾಗಿ ಜಗಳವಾಡುತ್ತಿದ್ದರಂತೆ. ಎಲ್ಲರಿಗಿಂತ ಚಿಕ್ಕವನ ಕೈಯಲ್ಲಿ ದೊಡ್ಡ ತುಂಡು, ದೊಡ್ಡವನಿಗೆ ಅದೇ ಬೇಕು. ರೋಚ್ ಕೆಲಸ ಬಿಟ್ಟು ಕಾಲು ಗಂಟೆ ಅದನ್ನೇ ನೋಡಿದರು. ಕಲಿಸಿಕೊಟ್ಟ ಮಾತು ಒಪ್ಪಿಸುವ ಮಕ್ಕಳಿಗಿಂತ ಇವರೇ ಚೆನ್ನಲ್ಲವೇ ಎನಿಸಿತು. 1922ರಲ್ಲಿ ಶುರುವಾದ ಮಾಲೆ 1944ರವರೆಗೆ ನಡೆಯಿತು. ಒಟ್ಟು 220 ಕಿರುಚಿತ್ರಗಳು. ಮಕ್ಕಳು ಬೆಳೆಯುತ್ತಿದ್ದರು, ಹೊಸ ಮಕ್ಕಳು ಬರುತ್ತಿದ್ದರು, ಶಾಲೆಯಲ್ಲಿ ಆಗುವ ಹಾಗೆ.

ಮಿಸ್ ಕ್ರ್ಯಾಬ್‌ಟ್ರೀ ಆದವರು ಜೂನ್ ಮಾರ್ಲೋ. ಅವರ ಕೂದಲು ನಿಜಕ್ಕೂ ಕಪ್ಪು. ಚಿತ್ರಕ್ಕಾಗಿ ಹೊಂಬಣ್ಣದ ಟೋಪನ್ ಹಾಕಿಕೊಂಡರು. ಈ ಟೀಚರಾಗಿ ಅವರು ಕಾಣಿಸಿಕೊಂಡದ್ದು ಆರೇ ಚಿತ್ರಗಳಲ್ಲಿ. ಆದರೆ ಜನಕ್ಕೆ ಅವರು ಕೊನೆಯವರೆಗೂ ಮಿಸ್ ಕ್ರ್ಯಾಬ್‌ಟ್ರೀಯೇ.

ಆ ತರಗತಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಜಾಕಿಯ ಜೊತೆಯಲ್ಲಿ ಫರೀನಾ ಎಂಬ ಕರಿಯ ಹುಡುಗ ಇದ್ದಾನೆ. ಬಿಳಿಯ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ, ಒಂದೇ ಗುಂಪಿನಲ್ಲಿ, ಸಮಪಾಲು ತುಂಟತನದಲ್ಲಿ. ಆ ಕಾಲಕ್ಕೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅಂಥ ತರಗತಿಯೇ ಇರುವ ಹಾಗಿರಲಿಲ್ಲ. ಕರಿಯರಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ ಶಾಲೆ ಎಂಬುದು ಅಲ್ಲಿ ಕಾನೂನು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳುವವರೆಗೂ ಹಾಗೇ ಇತ್ತು. ಈ ಮಾಲೆಯ ಕೆಲವು ಚಿತ್ರಗಳಲ್ಲಿ ಕರಿಯ ಮಕ್ಕಳನ್ನು ಗೇಲಿ ಮಾಡುವ ನಗೆಯೂ ಇದೆ, ಇವತ್ತು ನೋಡಿದರೆ ಇರಿಸುಮುರಿಸಾಗುತ್ತದೆ. ಆದರೂ ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆ ಒಂದು ದಿನದ ತುಂಟತನದ್ದು ಮಾತ್ರವಲ್ಲ ಎಂದು ಮೊಮ್ಮಗನಿಗೆ ಹೇಳಲು ನನಗೆ ಅದು ನೆರವಾಯಿತು.

ಇನ್ನು ಜಾಕಿ. ಆ ಪಾತ್ರ ಮಾಡಿದವನನ್ನು ಕರೆಯುತ್ತಿದ್ದದ್ದೂ ಜಾಕಿ ಎಂದೇ, ಜಾಕಿ ಕೂಪರ್. ಈ ಚಿತ್ರವಾದ ಮರುವರ್ಷ, 1931ರಲ್ಲಿ, 'ಸ್ಕಿಪ್ಪಿ' ಎಂಬ ದೊಡ್ಡ ಚಿತ್ರದಲ್ಲಿ ಅವನೇ ನಾಯಕ. ಅದರಲ್ಲಿನ ಅಭಿನಯಕ್ಕೆ ಒಂಬತ್ತನೇ ವಯಸ್ಸಿನಲ್ಲಿ ಆಸ್ಕರ್ ಪ್ರಶಸ್ತಿಯ ಶ್ರೇಷ್ಠ ನಟರ ಪಟ್ಟಿಯಲ್ಲಿ ಅವನ ಹೆಸರು ಬಂತು. ಆ ಚಿತ್ರದಲ್ಲೂ ಅವನು ಅಳಬೇಕಿತ್ತು. ಅಳು ಬರಲಿಲ್ಲ. ನಿರ್ದೇಶಕರು ನಾರ್ಮನ್ ಟಾರೋಗ್, ಹುಡುಗನ ಹತ್ತಿರದ ಸಂಬಂಧಿಯೇ. 'ನಿನ್ನ ನಾಯಿಗೆ ಗುಂಡು ಹೊಡೆಸುತ್ತೇನೆ' ಎಂದು ಹೆದರಿಸಿ ಅವನನ್ನು ಅಳಿಸಿದರು. ಹುಡುಗ ಅತ್ತ. ಚಿತ್ರ ಗೆದ್ದಿತು. ಐವತ್ತು ವರ್ಷವಾದ ಮೇಲೆ, 1981ರಲ್ಲಿ, ಜಾಕಿ ಕೂಪರ್ ಆತ್ಮಕಥೆ ಬರೆದಾಗ ಅದಕ್ಕೆ ಇಟ್ಟ ಹೆಸರು 'ಪ್ಲೀಸ್ ಡೋಂಟ್ ಶೂಟ್ ಮೈ ಡಾಗ್'. ನನ್ನ ನಾಯಿಗೆ ದಯವಿಟ್ಟು ಗುಂಡು ಹೊಡೆಯಬೇಡಿ.

1978ರ 'ಸೂಪರ್‌ಮ್ಯಾನ್' ಸಿನಿಮಾ ನೋಡಿದವರು ಅವರನ್ನು ನೋಡಿದ್ದೀರಿ. ಅದರಲ್ಲಿ ಪತ್ರಿಕೆಯ ಸಂಪಾದಕ ಪೆರಿ ವೈಟ್ ಆದವರು ಇದೇ ಜಾಕಿ ಕೂಪರ್. ಅಷ್ಟು ದೊಡ್ಡವರಾಗಿ, ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದರೂ ಆ ನಾಯಿಯ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ. ಮಕ್ಕಳನ್ನು ಹೆದರಿಸಿ ಕೆಲಸ ತೆಗೆಯುವವರು ಆ ಗಳಿಗೆಯ ಲಾಭ ಮಾತ್ರ ನೋಡುತ್ತಾರೆ. ಸಾಲ ಯಾರ ಹೆಸರಿನಲ್ಲಿ ಎಷ್ಟು ವರ್ಷ ಬೆಳೆಯುತ್ತದೆ ಎಂದು ನೋಡುವುದಿಲ್ಲ.

ನಾಯಿಯ ಕಥೆ ಕೇಳಿ ಚಿಕ್ಕವಳಿಗೆ ಬೇಜಾರಾಯಿತು. "ಕೊನೆಗೆ ನಾಯಿಗೆ ಏನೂ ಆಗಲಿಲ್ಲ" ಎಂದು ಹೇಳಿ ಸಮಾಧಾನ ಮಾಡಿದೆ. ಆಮೇಲೆ ದೊಡ್ಡವನು ಕೇಳಿದ, "ನಿಮ್ಮ ಟೀಚರ್ ಹೇಗಿದ್ದರು ಅಜ್ಜ?"

ನಮ್ಮ ಕಾಲದ ಕನ್ನಡ ಸಿನಿಮಾದಲ್ಲಿ ಶಾಲೆಯ ಮೇಷ್ಟ್ರು ಎಂದರೆ ಅಳುವವರು ಮೇಷ್ಟ್ರೇ. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' 1958ರಲ್ಲಿ ಬಂದಾಗ ಥಿಯೇಟರಿನಲ್ಲಿ ಕಣ್ಣೊರೆಸಿಕೊಳ್ಳದವರಿರಲಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು. ನನ್ನ ಮೇಷ್ಟ್ರ ವಿಷಯದಲ್ಲಿ ಅಳಬೇಕಾದವನು ನಾನು. ಅವತ್ತು ಮೊಮ್ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇಷ್ಟು ವರ್ಷ ಈ ಅಂಕಣದಲ್ಲಿ ಬರೆದಿಲ್ಲ.

ನಾನು ಆಗ ನಾಲ್ಕನೇ ತರಗತಿ. ಮಲೆನಾಡಿನ ಸಣ್ಣ ಹಳ್ಳಿ. ಬಯಲುಸೀಮೆಯ ಕಡೆಯಿಂದ ಹೊಸ ಮೇಷ್ಟ್ರು ಬಂದಿದ್ದರು. ಅವರ ಮಾತು ನಮಗೆ ತಮಾಷೆ, ಜಿಗಣೆ ಕಂಡರೆ ಅವರು ಹೌಹಾರುವುದು ಇನ್ನೂ ತಮಾಷೆ. ಹೊಸದಾಗಿ ಕೊಂಡ ಒಂದು ಕೊಡೆ ಅವರ ಆಸ್ತಿ. ಶಾಲೆಗೆ ಬಂದೊಡನೆ ಅದನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ನಾನು ಹಲಸಿನ ಮರದಿಂದ ಒಂದು ಚಗಳಿ ಗೂಡು ಕಿತ್ತು ತಂದು ಆ ಕೊಡೆಯೊಳಗೆ ಕೊಡವಿದೆ. ಚಗಳಿ ಎಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ನಮ್ಮ ಕಡೆ ಅದರ ಚಟ್ನಿ ಮಾಡುತ್ತಾರೆ, ಆದರೆ ಅದು ನಮ್ಮನ್ನು ಕಚ್ಚಿದರೆ ಆ ರುಚಿ ಬೇರೆ.

ಸಂಜೆ ಮಳೆ ಬಂತು. ಮೇಷ್ಟ್ರು ಅಂಗಳಕ್ಕಿಳಿದು ಕೊಡೆ ಬಿಚ್ಚಿದರು. ಆಮೇಲೆ ನಡೆದದ್ದು ಥೇಟ್ ಸಿನಿಮಾ. ಕತ್ತು, ಕಂಕುಳು, ಅಂಗಿಯೊಳಗೆಲ್ಲ ಚಗಳಿ. ಮೇಷ್ಟ್ರು ಮಳೆಯಲ್ಲಿ ಕುಣಿದರು. ಕೊಡೆ ಕೈತಪ್ಪಿ ಕಲ್ಲಿಗೆ ಬಡಿದು ಕಡ್ಡಿ ಮುರಿಯಿತು. ನಾವೆಲ್ಲ ನಕ್ಕೆವು. ಹತ್ತಿರ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕ ಹುಡುಗನ ತೋಳು ಹಿಡಿದು ಮೇಷ್ಟ್ರು ಕೈಗೆ ಸಿಕ್ಕ ಬೆತ್ತದಲ್ಲಿ ನಾಲ್ಕು ಬಾರಿಸಿದರು. ಅವನು ಏನೂ ಮಾಡಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಮರುದಿನದಿಂದ ಮೇಷ್ಟ್ರು ಕಂಬಳಿಕೊಪ್ಪೆ ಹಾಕಿಕೊಂಡು ಶಾಲೆಗೆ ಬರತೊಡಗಿದರು ಎಂದು ಕೇಳಿದೆ. ಕೇಳಿದ್ದು, ನೋಡಿದ್ದಲ್ಲ. ಏಕೆಂದರೆ ನಾನು ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದಿದ್ದೆ. ನಾಲ್ಕನೇ ದಿನ ಸಂಜೆ ಕೊಪ್ಪೆ ಹಾಕಿಕೊಂಡು ಮೇಷ್ಟ್ರು ನಮ್ಮ ಮನೆಗೇ ಬಂದರು. ನಾನು ಅಟ್ಟ ಹತ್ತಿದೆ. ಇನ್ನೇನು ಅಪ್ಪಯ್ಯನಿಗೆ ಹೇಳುತ್ತಾರೆ, ಅಪ್ಪಯ್ಯ ಚರ್ಮ ಸುಲಿಯುತ್ತಾರೆ. ಮೇಷ್ಟ್ರು ಕಾಫಿ ಕುಡಿದರು. ಅಡಿಕೆ ಕೊಳೆರೋಗದ ವಿಷಯ ಮಾತಾಡಿದರು. ಹುಡುಗ ನಾಲ್ಕು ದಿನದಿಂದ ಕಾಣಲಿಲ್ಲ, ಜ್ವರವೋ ಏನೋ ಎಂದು ಬಂದೆ ಎಂದರು. ಹೊರಡುವಾಗ ಜಗಲಿಯಲ್ಲಿ ನಿಂತು, ಅಟ್ಟಕ್ಕೆ ಕೇಳಿಸುವ ಹಾಗೆ, "ನಾಳೆ ಭಿನ್ನರಾಶಿ ಶುರು ಮಾಡ್ತೀನಿ. ಬರದಿದ್ದರೆ ಹಿಂದೆ ಬೀಳ್ತಾನೆ" ಎಂದರು.

ನಾನು ಮರುದಿನ ಹೋದೆ. ಕೊಡೆಯ ಸುದ್ದಿ ಅವರು ಎತ್ತಲಿಲ್ಲ. ಪೆಟ್ಟು ತಿಂದ ಹುಡುಗ ಮಾತ್ರ ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ದನ ಕಾಯಲು ಹೋಗುತ್ತಾನೆ ಎಂದು ಯಾರೋ ಹೇಳಿದರು.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಊರಿನ ಹತ್ತಿರದ ಪೇಟೆಗೆ ವರ್ಗವಾಯಿತು. ನವೆಂಬರಿನಲ್ಲಿ ಪೆನ್ಷನ್‌ದಾರರು ಲೈಫ್ ಸರ್ಟಿಫಿಕೇಟ್ ಕೊಡಲು ಬರುತ್ತಾರೆ. ಒಂದು ದಿನ ಕೌಂಟರಿನ ಆಚೆ ನಿಂತವರು ನಮ್ಮ ಮೇಷ್ಟ್ರು. ಕುರ್ಚಿ ಹಾಕಿಸಿ ಕೂರಿಸಿದೆ. ಜನ ಕರಗಿದ ಮೇಲೆ ಹತ್ತಿರ ಹೋಗಿ, "ಆ ಚಗಳಿ ಇಟ್ಟವನು ನಾನು ಸಾರ್" ಎಂದೆ.

"ಗೊತ್ತಿತ್ತು ಕಣೋ" ಎಂದರು. "ಅವತ್ತು ರಾತ್ರಿ ಯೋಚನೆ ಮಾಡಿದೆ. ಮಧ್ಯಾಹ್ನ ನಿನ್ನ ಎರಡು ಕೈಯಲ್ಲೂ ದದ್ದು ಎದ್ದಿತ್ತು. ಪೆಟ್ಟು ತಿಂದವನ ಕೈ ಸರಿಯಾಗಿಯೇ ಇತ್ತು."

ಸ್ವಲ್ಪ ಹೊತ್ತು ಪಾಸ್‌ಬುಕ್ಕು ತಿರುವಿ ಹಾಕುತ್ತಾ ಕೂತರು. ಆಮೇಲೆ ತಾವೇ ಹೇಳಿದರು. "ಅವನ ಮನೆಗೆ ಮೊದಲು ಹೋಗಬೇಕಿತ್ತು. ನಿನ್ನ ಮನೆ ದಾರಿಯಲ್ಲಿತ್ತು, ಬಂದೆ. ಅವನದು ಹಳ್ಳದಾಚೆ. ಹಳ್ಳ ತುಂಬಿತ್ತು. ಮಳೆ ಕಡಿಮೆ ಆಗಲಿ ಅಂದುಕೊಂಡೆ. ಆಮೇಲೆ ವರ್ಗ ಆಯ್ತು."

ಆ ಪೇಟೆಯ ಬ್ಯಾಂಕಿನಲ್ಲಿ ನಾನು ಐದು ವರ್ಷ ಇದ್ದೆ. ಹೆಬ್ಬೆಟ್ಟು ಒತ್ತಲು ಯಾರು ಕೈ ಚಾಚಿದರೂ ಮುಖ ನೋಡುತ್ತಿದ್ದೆ. ಅವನು ಬರಲಿಲ್ಲ.

ನಮ್ಮ ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದು ಒಂದಿರುತ್ತದೆ. ಯಾರ ಲೆಕ್ಕಕ್ಕೆ ಹಾಕಬೇಕು ಎಂದು ತೀರ್ಮಾನವಾಗದ ಮೊತ್ತವನ್ನು ಸದ್ಯಕ್ಕೆ ಅಲ್ಲಿ ಹಾಕಿಡುತ್ತಾರೆ. ಆದಷ್ಟು ಬೇಗ ಅದನ್ನು ತೀರಿಸಬೇಕು ಎಂಬುದು ನಿಯಮ. ಆ ನಾಲ್ಕು ಪೆಟ್ಟು ನನ್ನ ಸಸ್ಪೆನ್ಸ್ ಖಾತೆಯಲ್ಲಿ ಅರವತ್ತು ವರ್ಷದಿಂದ ಹಾಗೇ ಇವೆ. ಮಿಸ್ ಕ್ರ್ಯಾಬ್‌ಟ್ರೀ ತಟ್ಟೆ ಹಿಡಿದು ಬಾಗಿಲು ದಾಟುವುದನ್ನು ನೋಡುವಾಗಲೆಲ್ಲ ನನ್ನ ಮನಸ್ಸು ಜಾಕಿಯ ಹತ್ತಿರ ನಿಲ್ಲುವುದಿಲ್ಲ, ಹಳ್ಳದಾಚೆಗೆ ಹೋಗುತ್ತದೆ. ಸಿನಿಮಾದಲ್ಲಿ ಬಾಗಿಲಿನಿಂದ ಹುಡುಗನವರೆಗೆ ನಾಲ್ಕು ಹೆಜ್ಜೆ. ನಿಜವಾಗಿ ಆ ದಾರಿ ಉದ್ದ ಇರುತ್ತದೆ, ಮಳೆ ಇರುತ್ತದೆ, ಹೋಗದಿರಲು ಒಳ್ಳೆಯ ಕಾರಣವೂ ಇರುತ್ತದೆ.

ಕಥೆ ಮುಗಿದಾಗ ದೊಡ್ಡವನು ಏನೂ ಹೇಳಲಿಲ್ಲ. ಐಸ್‌ಕ್ರೀಮಿನ ಲೆಕ್ಕ ಮತ್ತೆ ತೆಗೆಯಲಿಲ್ಲ. ಚಿಕ್ಕವಳು ಮಾತ್ರ ಸುಮ್ಮನಿರಲಿಲ್ಲ.

"ಮೇಷ್ಟ್ರಿಗೆ ಆಗಲಿಲ್ಲ, ಸರಿ. ನೀನು ಹೋಗಬಹುದಿತ್ತಲ್ಲ ಅಜ್ಜ? ಮಳೆ ನಿಂತಮೇಲೆ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. "ಹೋಗಬಹುದಿತ್ತು ಪುಟ್ಟಿ" ಎಂದೆ. ಅಜ್ಜಿ ಒಳಗಿಂದ ಬಿಸಿ ಹಪ್ಪಳ ತಂದಿಟ್ಟಳು. ಆ ಹೊತ್ತಿಗೆ ಅದೇ ಒಳ್ಳೆಯದಾಯಿತು.

ಈ ವಾರ ಎಂದಿನ ಹಾಗೆ ಒಗಟು ಕೊಡುವುದಿಲ್ಲ ಮಕ್ಕಳೇ, ಒಂದು ಕೆಲಸ ಕೊಡುತ್ತೇನೆ. ರಜೆ ಮುಗಿದು ಶಾಲೆ ಶುರುವಾದಾಗ ನಿಮ್ಮ ತರಗತಿಯಲ್ಲಿ ಯಾರ ಜಾಗ ಖಾಲಿ ಇದೆ ನೋಡಿ. ಎರಡು ಮೂರು ದಿನವಾದರೂ ಖಾಲಿಯೇ ಇದ್ದರೆ, ಏನಾಯಿತು ಎಂದು ವಿಚಾರಿಸಿ. ಮನೆ ಹತ್ತಿರವಿದ್ದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಬನ್ನಿ. ಐಸ್‌ಕ್ರೀಮು ಒಯ್ಯಬೇಕೆಂದೇನೂ ಇಲ್ಲ. 'ನಾಳೆ ಭಿನ್ನರಾಶಿ ಶುರು ಮಾಡ್ತಾರಂತೆ, ಬಾ' ಎಂದರೂ ಸಾಕು.

ಮನೆ ದೂರವಿದ್ದರೆ, ಹಳ್ಳ ಅಡ್ಡವಿದ್ದರೆ, ಇನ್ನೂ ಬೇಗ ಹೊರಡಿ.